ದಿನಕ್ಕೊಬ್ಬರು ಯಜಮಾನಿ: ವಿಯೆಟ್ನಾಮಿನಲ್ಲಿ ಅತ್ತಿಗೆ ಮತ್ತು ನಾನು

ಹನೋಯ್‌ನ ಹಳೇ ಪೇಟೆಯ ರಸ್ತೆಯಂಚಿನಲ್ಲಿ ನಾವಿಬ್ಬರೂ ಹತ್ತು ನಿಮಿಷದಿಂದ ನಿಂತೇ ಇದ್ದೆವು. ಬೆನ್ನಿಗೆ ಚೀಲ, ಎದುರಿಗೆ ಸ್ಕೂಟರುಗಳ ಹೊಳೆ. ನಾವು ಇಳಿದುಕೊಳ್ಳಬೇಕಾದ ಹಾಸ್ಟೆಲಿನ ಬೋರ್ಡು ಆಚೆ ದಡದಲ್ಲಿ ಕಾಣುತ್ತಿತ್ತು. ಸಿಗ್ನಲ್ ಇರಲಿಲ್ಲ, ಇದ್ದ ಜೀಬ್ರಾ ಪಟ್ಟಿಗೆ ಯಾರೂ ನಿಲ್ಲುತ್ತಿರಲಿಲ್ಲ.

"ಹೊಳೆಬಾಗಿಲಲ್ಲಿ ಲಾಂಚಿಗೆ ಕಾದ ಹಾಗೆ ಕಾಯ್ಬೇಕನೇ ಇಲ್ಲಿ?" ಎಂದರು ಅತ್ತಿಗೆ.

ಅಷ್ಟರಲ್ಲಿ ಗಡ್ಡದ ಮುದುಕರೊಬ್ಬರು ಪಕ್ಕಕ್ಕೆ ಬಂದು ನಿಂತರು. ನಮ್ಮ ಮುಖ ನೋಡಿದರು, ನಕ್ಕರು, ಅತ್ತಿಗೆಯ ಮೊಣಕೈ ಹಿಡಿದು ಸೀದಾ ಆ ಹೊಳೆಗೆ ಇಳಿದೇಬಿಟ್ಟರು. ಅತ್ತಿಗೆ ನನ್ನ ಕೈ ಹಿಡಿದುಕೊಂಡರು. ಮುದುಕರು ಓಡಲಿಲ್ಲ, ನಿಲ್ಲಲಿಲ್ಲ, ಹಿಂದಕ್ಕೂ ಸರಿಯಲಿಲ್ಲ. ದೇವರಿಗೆ ಪ್ರದಕ್ಷಿಣೆ ಹಾಕುವ ವೇಗದಲ್ಲಿ ಹೆಜ್ಜೆ ಇಡುತ್ತಾ ಹೋದರು. ಸ್ಕೂಟರುಗಳು ಬಂಡೆಗೆ ಸಿಕ್ಕಿದ ನೀರಿನ ಹಾಗೆ ನಮ್ಮ ಎರಡೂ ಬದಿಗೆ ಸೀಳಿಕೊಂಡು ಹೋದವು. ಆಚೆ ದಡ ಸೇರಿದ ಮೇಲೆ ಅತ್ತಿಗೆ ಅವರಿಗೆ ಎರಡೂ ಕೈ ಮುಗಿದರು. ಅವರೂ ಮುಗಿದರು. ಆಮೇಲೆ ಮತ್ತೆ ಹೊಳೆಗೆ ಇಳಿದು ತಾವು ಮೊದಲು ನಿಂತಿದ್ದ ಕಡೆಗೇ ವಾಪಸ್ ಹೋದರು. ಅವರಿಗೆ ಈಚೆ ಬರುವ ಕೆಲಸವೇ ಇರಲಿಲ್ಲ. ನಮ್ಮನ್ನು ದಾಟಿಸಲೆಂದೇ ಬಂದಿದ್ದರು.

2024ರ ಫೆಬ್ರವರಿ ನಡುವಿನ ಮಾತಿದು. ಅತ್ತಿಗೆ ಎಂದರೆ ನನ್ನ ದೊಡ್ಡಣ್ಣನ ಹೆಂಡತಿ. ಸಾಗರದ ಹತ್ತಿರದ ಹಳ್ಳಿಯಲ್ಲಿ ಅಡಿಕೆ ತೋಟದ ಮನೆ. ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ಸರ್ಕಾರಿ ಶಾಲೆಯಲ್ಲಿ ಕನ್ನಡ ಕಲಿಸಿ ಆಗಷ್ಟೇ ನಿವೃತ್ತರಾಗಿದ್ದರು. ಬೀಳ್ಕೊಡುಗೆಯ ದಿನ ಶಾಲು, ಹಾರ, ಬೆಳ್ಳಿ ಲೋಟ ಎಲ್ಲ ಆದಮೇಲೆ ನನ್ನನ್ನು ಹಿತ್ತಲಿಗೆ ಕರೆದು ಹೇಳಿದ್ದು ಒಂದೇ ಮಾತು: "ನೀನು ಬೆನ್ನಿಗೆ ಚೀಲ ಹಾಕ್ಕೊಂಡು ದೇಶ ಸುತ್ತಿಯಲ್ಲ, ನನ್ನನ್ನೂ ಒಂದು ಸಲ ಹಾಗೇ ಕರ್ಕೊಂಡು ಹೋಗು. ಟೂರಿಸ್ಟ್ ಬಸ್ಸಲ್ಲಿ ಬಾವುಟ ಹಿಡಿದವನ ಹಿಂದೆ ಹೋಗೋದು ನಂಗೆ ಬೇಡ."

ನಾನು ವಿಯೆಟ್ನಾಮನ್ನು ಆರಿಸಿದೆ. ಕೂತಲ್ಲೇ ಸಿಗುವ 25 ಡಾಲರಿನ ಇ-ವೀಸಾ, ನಮ್ಮ ಕೈಗೆಟಕುವ ಖರ್ಚು, ದೇಶದ ಉದ್ದಕ್ಕೂ ಓಡುವ ರೈಲು. ಹತ್ತು ದಿನ, ಹನೋಯ್‌ನಿಂದ ಹೋಯಿ ಆನ್‌ವರೆಗೆ. ಹೊರಡುವ ಮುಂಚೆ ಅತ್ತಿಗೆ ಒಂದು ಕಾನೂನು ಮಾಡಿದರು. ಸಮ ತಾರೀಖಿಗೆ ಅವರು ಯಜಮಾನಿ, ಬೆಸ ತಾರೀಖಿಗೆ ನಾನು. ಎಲ್ಲಿಗೆ ಹೋಗುವುದು, ಏನು ತಿನ್ನುವುದು, ಎಷ್ಟು ಖರ್ಚು ಎಲ್ಲವೂ ಆ ದಿನದ ಯಜಮಾನಿಯ ನಿರ್ಧಾರ. ಇನ್ನೊಬ್ಬರು ಗೊಣಗುವ ಹಾಗಿಲ್ಲ. ಯಜಮಾನಿಯಾದವರ ಕೊರಳಲ್ಲಿ ಪಾಸ್‌ಪೋರ್ಟು, ದುಡ್ಡು ಇರುವ ಕೆಂಪು ಚೀಲ. ಮೂವತ್ತು ವರ್ಷ ತರಗತಿಯಲ್ಲಿ ಲೀಡರುಗಳನ್ನು ಮಾಡಿದವರ ಕಾನೂನು ಅದು.

ಚೀಲ ಕಟ್ಟುವಾಗಲೇ ಮೊದಲ ಜಟಾಪಟಿ. ಒಬ್ಬರಿಗೆ ಏಳು ಕಿಲೋ ಮೀರಬಾರದು ಎಂದು ನಾನು. ಅವಲಕ್ಕಿ, ಚಟ್ನಿಪುಡಿ, ಅಪ್ಪೆಮಿಡಿ ಉಪ್ಪಿನಕಾಯಿ ಇಲ್ಲದೆ ಕಾಲು ಹೊರಗಿಡುವುದಿಲ್ಲ ಎಂದು ಅವರು. ಅದಕ್ಕೆಲ್ಲ ಒಪ್ಪಿಕೊಂಡೆ. ಆದರೆ ಅವರು ಆರು ಮಾರು ನೈಲಾನ್ ಹಗ್ಗವನ್ನೂ ಒಂದು ಡಜನ್ ಬಟ್ಟೆ ಕ್ಲಿಪ್ಪನ್ನೂ ತುರುಕುವುದು ಕಂಡು, "ಅತ್ತಿಗೆ, ನಾವೇನು ದನ ಕಟ್ಟೋಕೆ ಹೋಗ್ತಿದೀವಾ?" ಎಂದೆ. "ಇರ್ಲಿ ಮಾರಾಯ್ತಿ, ಹಗ್ಗ ಎಲ್ಲಿಗಾದರೂ ಬೇಕಾಗ್ತದೆ" ಎಂದರು.

ಹನೋಯ್‌ನಲ್ಲಿ ಎರಡನೇ ದಿನವೇ ಬೇಕಾಯಿತು. ಫೆಬ್ರವರಿಯಿಂದ ಏಪ್ರಿಲ್‌ವರೆಗೆ ಅಲ್ಲಿ 'ನೋಮ್' ಎಂದು ಕರೆಯುವ ಒಂದು ಹವೆ ಬರುತ್ತದೆ. ಗಾಳಿಯಲ್ಲಿ ಎಷ್ಟು ತೇವ ಎಂದರೆ ನೆಲ, ಗೋಡೆ, ಕನ್ನಡಿ ಎಲ್ಲ ಬೆವರುತ್ತವೆ. ಒಗೆದ ಬಟ್ಟೆ ಮೂರು ದಿನವಾದರೂ ಹಸಿಹಸಿ. ಆಷಾಢದ ಸಾಗರವನ್ನು ಕಂಡವರಿಗೆ ಇದು ಹೊಸದೇ? ಅತ್ತಿಗೆ ಎಂಟು ಹಾಸಿಗೆಯ ಆ ಕೋಣೆಯಲ್ಲಿ ಕಿಟಕಿಯ ಸರಳಿನಿಂದ ಬಾಗಿಲ ಚಿಲಕದವರೆಗೆ ಹಗ್ಗ ಎಳೆದು, ಫ್ಯಾನಿನ ಗಾಳಿ ಬೀಳುವ ಜಾಗ ನೋಡಿ ನಮ್ಮ ಚೂಡಿದಾರಗಳನ್ನು ಹರವಿದರು. ಸಂಜೆ ಬಂದು ನೋಡಿದರೆ ಅದೇ ಹಗ್ಗದ ಮೇಲೆ ಯಾರದೋ ಜೀನ್ಸು, ಯಾರದೋ ಕಾಲುಚೀಲ, ಒಂದು ಫುಟ್‌ಬಾಲ್ ಜೆರ್ಸಿ. ಕೋಣೆಯಲ್ಲಿದ್ದ ಐರೋಪ್ಯ ಹುಡುಗ ಹುಡುಗಿಯರೆಲ್ಲ ಅತ್ತಿಗೆಯ ಹಗ್ಗದ ಒಕ್ಕಲಾಗಿದ್ದರು. ಅತ್ತಿಗೆ ಸಿಟ್ಟಾಗುತ್ತಾರೇನೋ ಎಂದುಕೊಂಡೆ. ಅವರು ಜೀನ್ಸನ್ನು ತೆಗೆದು ಒಳಮಗ್ಗುಲು ಹೊರಗೆ ಮಾಡಿ ಮತ್ತೆ ಹಾಕಿದರು. "ಈ ಮಕ್ಕಳಿಗೆ ಬಟ್ಟೆ ಒಣಗಿಸೋದೂ ಹೇಳಿಕೊಟ್ಟಿಲ್ಲ" ಎಂದರು.

ದುಡ್ಡಿನ ಪಾಠ ಅದಕ್ಕೂ ಮೊದಲೇ ಆಗಿತ್ತು. ಆಗ ನೂರು ಡಾಲರ್ ಕೊಟ್ಟರೆ ಹತ್ತಿರ ಹತ್ತಿರ ಇಪ್ಪತ್ತೈದು ಲಕ್ಷ ಡಾಂಗ್ ಕೈಗೆ ಬರುತ್ತಿತ್ತು. ನಮ್ಮ ಒಂದು ರೂಪಾಯಿಗೆ ಸುಮಾರು 300 ಡಾಂಗ್. ತೊಂದರೆ ಏನೆಂದರೆ ನೋಟುಗಳ ಮೇಲೆಲ್ಲ ಹೋ ಚಿ ಮಿನ್ ಅವರದೇ ಮುಖ, ಇಪ್ಪತ್ತು ಸಾವಿರದ ನೋಟೂ ನೀಲಿ, ಐದು ಲಕ್ಷದ ನೋಟೂ ನೀಲಿ. ಒಂದು ನಮ್ಮ ಎಪ್ಪತ್ತು ರೂಪಾಯಿಯೊಳಗೆ, ಇನ್ನೊಂದು ಸಾವಿರದ ಆರುನೂರು ದಾಟುತ್ತಿತ್ತು. ಅತ್ತಿಗೆ ಯಜಮಾನಿಯಾಗಿದ್ದ ದಿನ, ಹೆಗಲ ಮೇಲೆ ಅಡ್ಡೆ ಹೊತ್ತು ಎರಡು ಬುಟ್ಟಿಯಲ್ಲಿ ಹಣ್ಣು ಮಾರುತ್ತಿದ್ದ ಹೆಂಗಸಿನ ಹತ್ತಿರ ಬಾಳೆಹಣ್ಣು ಕೊಂಡು ನೀಲಿ ನೋಟು ಕೊಟ್ಟು ಬಂದರು. ನಾವು ಗಲ್ಲಿಯ ತಿರುವು ದಾಟಿದ್ದೆವು. ಹಿಂದಿನಿಂದ ಕೂಗು ಕೇಳಿತು. ತಿರುಗಿದರೆ ಆ ಹೆಂಗಸು ಬುಟ್ಟಿಗಳನ್ನು ಯಾರದೋ ಸುಪರ್ದಿಗೆ ಬಿಟ್ಟು, ಶಂಕುವಿನಾಕಾರದ ಟೊಪ್ಪಿಗೆಯನ್ನು ಒಂದು ಕೈಯಲ್ಲಿ ಒತ್ತಿ ಹಿಡಿದು ಓಡಿ ಬರುತ್ತಿದ್ದಾಳೆ. ಐದು ಲಕ್ಷದ ನೋಟನ್ನು ಅತ್ತಿಗೆಯ ಅಂಗೈಗಿಟ್ಟು, ಕೆಂಪು ಚೀಲದಿಂದ ತಾನೇ ಇಪ್ಪತ್ತು ಸಾವಿರದ ನೋಟು ಹುಡುಕಿ ತೆಗೆದುಕೊಂಡು, ಎರಡು ನೋಟನ್ನೂ ಪಕ್ಕಪಕ್ಕ ಹಿಡಿದು ಸೊನ್ನೆಗಳನ್ನು ಎಣಿಸಿ ತೋರಿಸಿದಳು, ಒಂದನೇ ತರಗತಿಯ ಮಗುವಿಗೆ ತೋರಿಸುವ ಹಾಗೆ. ಅತ್ತಿಗೆ ತಲೆಯಾಡಿಸುತ್ತಾ ಎಣಿಸಿದರು. ಆ ರಾತ್ರಿ ಐದು ಲಕ್ಷದ ನೋಟುಗಳಿಗೆಲ್ಲ ಒಂದೊಂದು ಬಟ್ಟೆ ಕ್ಲಿಪ್ ಬಿತ್ತು.

ಚಹಾದ ಕಥೆ ಇನ್ನೂ ಸೊಗಸು. ಸಂಜೆ ನಾಲ್ಕಕ್ಕೆ ಅತ್ತಿಗೆಗೆ ಚಹಾ ಬೇಕೇ ಬೇಕು. ನಾನು ಹಾಸ್ಟೆಲಿನಲ್ಲಿ ರೈಲಿನ ಟಿಕೆಟ್ ನೋಡುತ್ತಾ ಕೂತಿದ್ದಾಗ ಅವರೊಬ್ಬರೇ ಹೊರಗೆ ಹೋದರು. ಗಲ್ಲಿಯ ಅಂಗಡಿಯವಳ ಹತ್ತಿರ ಹಿಂದಿ ಸಿನಿಮಾದವರ ಹಾಗೆ "ಚಾಯ್, ಚಾಯ್" ಎಂದು ಕೇಳಿದ್ದಾರೆ. ಅವಳು ಇಲ್ಲವೆಂದು ಕೈಯಾಡಿಸಿ, ಅತ್ತಿಗೆಯ ಕೈ ಹಿಡಿದು ಎರಡು ಗಲ್ಲಿ ದಾಟಿಸಿ ಒಂದು ಹೋಟೆಲಿಗೆ ಕರೆದುಕೊಂಡು ಹೋಗಿ ಕೂರಿಸಿದ್ದಾಳೆ. ಐದು ನಿಮಿಷದಲ್ಲಿ ಮುಂದೆ ಬಂದದ್ದು ಅನ್ನ, ಹುರಿದ ತೋಫು, ಬೇಯಿಸಿದ ಸೊಪ್ಪು, ಅಣಬೆ ಸಾರು. ವಿಯೆಟ್ನಾಮಿ ಭಾಷೆಯಲ್ಲಿ 'ಚಾಯ್' ಎಂದರೆ ಸಸ್ಯಾಹಾರ. ಚಹಾಕ್ಕೆ ಹನೋಯ್‌ನವರು ಹೇಳುವುದು 'ಚಾ' ಎಂದು, ನಮ್ಮ ಸಾಗರದವರ ಹಾಗೇ. ಕೊನೆಗೊಂದು 'ಯ್' ಸೇರಿಸಿದ್ದಕ್ಕೆ ಅತ್ತಿಗೆಗೆ ಊಟವೇ ಸಿಕ್ಕಿತ್ತು.

ಆ ಎರಡಕ್ಷರ ನಮ್ಮ ಪ್ರಯಾಣವನ್ನು ಕಾಪಾಡಿತು. ಎರಡು ದಿನದಿಂದ ಎಲ್ಲಿ ಹೋದರೂ ಮೀನಿನ ರಸ, 'ನುವಕ್ ಮಾಮ್', ಯಾವುದೋ ರೂಪದಲ್ಲಿ ತಟ್ಟೆಗೆ ಬಂದೇಬರುತ್ತಿತ್ತು. ಬರೀ ಸೊಪ್ಪು ಎಂದು ತಂದುಕೊಟ್ಟದ್ದಕ್ಕೂ ಅದೇ ಒಗ್ಗರಣೆ. ಅತ್ತಿಗೆ ಅವಲಕ್ಕಿ ಚಟ್ನಿಪುಡಿಯಲ್ಲಿ ಕಾಲ ಹಾಕುತ್ತಿದ್ದರು. 'ಚಾಯ್' ಎಂಬ ಬೋರ್ಡು ಗುರುತಾದ ಮೇಲೆ ಅದು ಎಲ್ಲೆಡೆ ಕಾಣತೊಡಗಿತು. ಅಲ್ಲಿನ ಬೌದ್ಧ ಮನೆಗಳಲ್ಲಿ ಚಾಂದ್ರಮಾನ ತಿಂಗಳ ಮೊದಲ ದಿನ ಮತ್ತು ಹದಿನೈದನೇ ದಿನ, ಅಂದರೆ ಹುಣ್ಣಿಮೆಯಂದು, ಬಹಳ ಜನ ಮಾಂಸ ಬಿಡುತ್ತಾರೆ ಎಂದು ಆ ಹೋಟೆಲಿನ ಹುಡುಗಿ ಫೋನಿನ ಅನುವಾದದಲ್ಲಿ ತಿಳಿಸಿದಳು. ಅತ್ತಿಗೆ ಪರ್ಸಿನಿಂದ ಪುಟ್ಟ ಪಂಚಾಂಗ ತೆಗೆದು ನೋಡಿದರು. "24ಕ್ಕೆ ಭಾರತ ಹುಣ್ಣಿಮೆ. ಅವತ್ತು ನಾವು ಎಲ್ಲಿರ್ತೀವಿ?" ಹೋಯಿ ಆನ್‌ನಲ್ಲಿ ಎಂದೆ. "ಹಾಗಾದ್ರೆ ಅವತ್ತು ನಂಗೆ ಹಬ್ಬದೂಟ."

19ರ ರಾತ್ರಿ ಹುಯೆ ನಗರಕ್ಕೆ ರೈಲು ಹತ್ತಿದೆವು. ಹನೋಯ್‌ನಿಂದ ಸೈಗಾನ್‌ವರೆಗಿನ ಈ ದಾರಿ 1,726 ಕಿಲೋಮೀಟರ್. 1936ರಲ್ಲಿ ಮುಗಿದ ಹಳಿ 1954ರಲ್ಲಿ ದೇಶ ಎರಡಾದಾಗ ತುಂಡಾಯಿತು. ಯುದ್ಧ ಮುಗಿದ ಮೇಲೆ 1976ರ ಕೊನೆಯಲ್ಲಿ ಮತ್ತೆ ಕೂಡಿತು. ನಮ್ಮದು ಅದರಲ್ಲಿ 688 ಕಿಲೋಮೀಟರ್, ಒಂದು ರಾತ್ರಿ. ಆರು ಹಾಸಿಗೆಯ ಡಬ್ಬಿಯಲ್ಲಿ ನಮಗೆ ಸಿಕ್ಕಿದ್ದು ಎರಡೂ ಮೂರನೇ ಅಂತಸ್ತಿನವು. ಚಾವಣಿ ಮೂಗಿಗೆ ತಾಗುವಷ್ಟು ಹತ್ತಿರ. ಅತ್ತಿಗೆ ಏಣಿಯ ಮೊದಲ ಮೆಟ್ಟಿಲಿಗೆ ಕಾಲಿಟ್ಟು, ಮಂಡಿ ಹಿಡಿದುಕೊಂಡು, ನನ್ನನ್ನು ನೋಡಿದರು. ಅವತ್ತು ಯಜಮಾನಿ ನಾನು. ಏನು ನಿರ್ಧಾರ ಮಾಡುವುದೋ ತಿಳಿಯಲಿಲ್ಲ.

ಕೆಳಗಿನ ಹಾಸಿಗೆಯಲ್ಲಿ ಕೂತಿದ್ದ ಅಜ್ಜಿಯೊಬ್ಬರು ತಮ್ಮ ಮೊಮ್ಮಗನ ಬೆನ್ನಿಗೆ ಒಂದು ಗುದ್ದು ಕೊಟ್ಟು ಮೇಲಕ್ಕೆ ಕಳಿಸಿ, ಅವನ ಕೆಳ ಹಾಸಿಗೆಯನ್ನು ಅತ್ತಿಗೆಗೆ ತೋರಿಸಿದರು. ಆಮೇಲೆ ತಮ್ಮ ಮಂಡಿ ತಟ್ಟಿಕೊಂಡರು. ಅತ್ತಿಗೆಯೂ ತಮ್ಮ ಮಂಡಿ ತಟ್ಟಿದರು. ಪರಿಚಯ ಮುಗಿಯಿತು.

ರೈಲು ಊರು ಬಿಟ್ಟ ಮೇಲೆ ಅಜ್ಜಿ ಮಡಿಲಿಂದ ಒಂದು ತಗಡಿನ ಡಬ್ಬಿ ತೆಗೆದರು. ಮುಚ್ಚಳ ತೆರೆದಾಗ ಅತ್ತಿಗೆ ಅರ್ಧ ಎದ್ದೇ ಕೂತರು. ವೀಳ್ಯದೆಲೆ, ಸುಣ್ಣ, ನಾಲ್ಕು ಹೋಳು ಮಾಡಿದ ಹಸಿ ಅಡಿಕೆ. ಎಲೆ ನಮ್ಮದಕ್ಕಿಂತ ದಪ್ಪ. ಅಡಿಕೆಯ ಸಿಪ್ಪೆ ಇನ್ನೂ ಹಸಿರು. ಅಜ್ಜಿ ಎಲೆಗೆ ಸುಣ್ಣ ಸವರಿದರು, ಮಡಿಸಿದರು, ಎಲೆಯ ತುದಿಯನ್ನು ಅದರ ತೊಟ್ಟಿನಿಂದಲೇ ಚುಚ್ಚಿ ಪುಟ್ಟ ಪೊಟ್ಟಣ ಮಾಡಿ ಕೈಗಿತ್ತರು. ಅತ್ತಿಗೆ ಅದನ್ನು ಕಣ್ಣಿಗೊತ್ತಿಕೊಂಡು ಬಾಯಿಗಿಟ್ಟರು. ಬಳಿಕ ತಮ್ಮ ಚೀಲದ ತಳದಿಂದ ಒಂದು ಹತ್ತಿಬಟ್ಟೆಯ ಗಂಟು ಹೊರಬಂತು. ಮನೆಯ ಕೆಂಪಡಿಕೆ. ಬೇಯಿಸಿ, ಚೊಗರಿನಲ್ಲಿ ಅದ್ದಿ, ಅಂಗಳದ ಬಿಸಿಲಿಗೆ ಒಣಗಿಸಿದ್ದು. ಅಜ್ಜಿ ಅದನ್ನು ಮೂಸಿದರು, ದೀಪಕ್ಕೆ ಹಿಡಿದು ನೋಡಿದರು, ಉಗುರಿನಿಂದ ಕೆರೆದರು, ಕೊನೆಗೆ ಬಾಯಿಗೆ ಹಾಕಿ ಕಣ್ಣು ಮುಚ್ಚಿದರು. ಕಪ್ಪಾದ ಹಲ್ಲುಗಳಿಂದ ಅವರು ನಕ್ಕಾಗ ಇಡೀ ಡಬ್ಬಿ ನಕ್ಕಿತು.

ವಿಯೆಟ್ನಾಮಿನಲ್ಲಿ ಎಲೆ ಅಡಿಕೆ ಇಲ್ಲದೆ ಮದುವೆಯ ಮಾತುಕತೆ ಆಗುವುದಿಲ್ಲ. ಅವರದೊಂದು ಹಳೆಯ ಕಥೆಯಿದೆ: ಒಂದೇ ರೂಪಿನ ಅಣ್ಣತಮ್ಮಂದಿರು, ಅಣ್ಣನಿಗೊಬ್ಬಳು ಹೆಂಡತಿ. ಮನಸ್ತಾಪದಿಂದ ಮನೆ ಬಿಟ್ಟ ತಮ್ಮ ಹೊಳೆದಂಡೆಯಲ್ಲಿ ಸತ್ತು ಸುಣ್ಣದ ಕಲ್ಲಾದ. ಹುಡುಕಿ ಬಂದ ಅಣ್ಣ ಪಕ್ಕದಲ್ಲಿ ಅಡಿಕೆ ಮರವಾದ. ಅವನನ್ನು ಹುಡುಕಿ ಬಂದ ಹೆಂಡತಿ ಮರಕ್ಕೆ ಹಬ್ಬಿದ ವೀಳ್ಯದ ಬಳ್ಳಿಯಾದಳು. ಮೂರೂ ಬಾಯಲ್ಲಿ ಸೇರಿದಾಗ ಕೆಂಪು. ನಾನು ಫೋನಿನಲ್ಲಿ ಹುಡುಕಿ ಓದಿ ಹೇಳಿದಾಗ ಅತ್ತಿಗೆ ಸುಮ್ಮನಾದರು. "ನಮ್ಮ ತೋಟದಲ್ಲೂ ಅಡಿಕೆ ಮರಕ್ಕೇ ಎಲೆಬಳ್ಳಿ ಹಬ್ಬಿಸ್ತೀವಿ. ಇಷ್ಟು ವರ್ಷ ನೋಡಿದೀನಿ, ಇನ್ಮೇಲೆ ಬೇರೆ ಥರ ಕಾಣ್ತದೆ." ಹಾಗೆಂದವರೇ ಗಡಿಯಾರ ನೋಡಿ ಕೈ ಚಾಚಿದರು. ಹನ್ನೆರಡು ದಾಟಿತ್ತು. 20ನೇ ತಾರೀಖು. ಕೆಂಪು ಚೀಲ ಕೊಡು ಎಂದು ಅರ್ಥ.

ಆ ಅಧಿಕಾರದಿಂದಲೇ ಹುಯೆಯಲ್ಲಿ ಜಗಳ ಹುಟ್ಟಿತು. ನಿಲ್ದಾಣದಿಂದ ನಾವು ಉಳಿಯುವ ಮನೆಗೆ ಎರಡೂವರೆ ಕಿಲೋಮೀಟರ್. ಟ್ಯಾಕ್ಸಿ ಬೇಡ, ನಡೆಯುವುದು ಎಂದರು ಯಜಮಾನಿ. ನಿದ್ದೆಯಿಲ್ಲದ ರಾತ್ರಿ, ಬೆನ್ನ ಮೇಲೆ ಹೊರೆ. ದಾರಿ ತಪ್ಪಿ ಎರಡೂವರೆ ನಾಲ್ಕಾಯಿತು. ನಾನು ಕಾನೂನು ಮುರಿದು ಗೊಣಗಿದೆ. ಅವರು, "ಮನೆಯಲ್ಲಿ ಎಲ್ಲರ ಮಾತಿಗೂ ಹೂಂ ಅಂತ ಬಂದವಳು ನಾನು, ಹತ್ತು ದಿನದಲ್ಲಿ ಐದು ದಿನ ನನ್ನ ಮಾತು ನಡೀಬಾರದಾ?" ಎಂದರು. ದನಿ ಏರಿರಲಿಲ್ಲ. ಅದಕ್ಕೇ ಹೆಚ್ಚು ನಾಟಿತು. ಇಪ್ಪತ್ತೈದು ವರ್ಷ ನಾನು ಅವರ ಕೈಯಡುಗೆ ಉಂಡಿದ್ದೆ, ಅವರ ಮಡಿಲಲ್ಲಿ ಅತ್ತಿದ್ದೆ. ಅವರಿಗೆ ಎಲ್ಲಿಗೆ ಹೋಗಬೇಕು ಅನ್ನಿಸುತ್ತದೆ ಎಂದು ಒಂದು ದಿನವೂ ಕೇಳಿರಲಿಲ್ಲ. ಆ ದಿನ ಊಟದವರೆಗೂ ನಮಗೆ ಮಾತಿಲ್ಲ.

ಊಟ ಮಾತಾಡಿಸಿತು. ಹುಯೆ ನಗುಯೆನ್ ರಾಜವಂಶದ ರಾಜಧಾನಿ, 1802ರಿಂದ 1945ರವರೆಗೆ. ಅದೇ ಊರು ಬೌದ್ಧ ಮಠಗಳಿಗೂ ಮಠದ ಸಸ್ಯಾಹಾರದ ಅಡುಗೆಗೂ ಹೆಸರಾದದ್ದು. ಒಂದು 'ಚಾಯ್' ಹೋಟೆಲಿನಲ್ಲಿ ಎಳೆ ಹಲಸಿನಕಾಯಿಯನ್ನು ಬೇಯಿಸಿ, ಹಿಸಿದು, ಎಳ್ಳು ಶೇಂಗಾ ಕಲಸಿ, ಅಕ್ಕಿ ಹಪ್ಪಳದ ಜೊತೆ ತಂದಿಟ್ಟರು. ಅತ್ತಿಗೆ ಹಪ್ಪಳದ ತುಂಡಿನಲ್ಲಿ ಗೋರಿ ಬಾಯಿಗಿಟ್ಟರು. "ಕಡ್ಗಿ ಪಲ್ಯ ಕಣೇ! ಸಾಸಿವೆ ಒಗ್ಗರಣೆ ಒಂದು ಕಮ್ಮಿ." ಮರುದಿನ ನನ್ನ ಸರದಿ. ನಾನು ಕೆಂಪು ಚೀಲ ಹಾಕಿಕೊಂಡು ಕೇಳಿದೆ, "ಅತ್ತಿಗೆ, ಇವತ್ತು ನೀವು ಎಲ್ಲಿಗೆ ಹೋಗ್ಬೇಕು ಅಂತೀರಿ?" ಅವರು ಹೊಳೆ ತೋರಿಸಿದರು.

ಸುಗಂಧ ನದಿಯಲ್ಲಿ ದೋಣಿ ಹಿಡಿದು ತಿಯೆನ್ ಮು ಪಗೋಡಕ್ಕೆ ಹೋದೆವು. 1601ರಲ್ಲಿ ಸ್ಥಾಪನೆಯಾದದ್ದು. ಏಳು ಅಂತಸ್ತಿನ ಗೋಪುರ ಕಟ್ಟಿದ್ದು 1844ರಲ್ಲಿ. ಹಿಂದಿನ ಅಂಗಳದಲ್ಲಿ ಒಂದು ಹಳೆಯ ನೀಲಿ ಆಸ್ಟಿನ್ ಕಾರು ನಿಂತಿದೆ. 1963ರ ಜೂನ್ 11ರಂದು, ಬೌದ್ಧರ ಮೇಲಿನ ದಬ್ಬಾಳಿಕೆಯನ್ನು ಪ್ರತಿಭಟಿಸಿ ಸೈಗಾನ್‌ನ ರಸ್ತೆಯಲ್ಲಿ ಆತ್ಮಾಹುತಿ ಮಾಡಿಕೊಂಡ ಭಿಕ್ಷು ತಿಚ್ ಕ್ವಾಂಗ್ ದುಕ್ ಅವರು ಅಲ್ಲಿಗೆ ಬಂದಿದ್ದ ಕಾರು ಅದು. ಅತ್ತಿಗೆ ಚಪ್ಪಲಿ ಬಿಟ್ಟು ನಿಂತರು. ನಾನೂ ಬಿಟ್ಟೆ.

ಹುಯೆಯಿಂದ ಡಾ ನಾಂಗ್‌ಗೆ ಹಗಲು ರೈಲು. ಎಡಗಡೆಯ ಕಿಟಕಿ ಹಿಡಿಯಿರಿ ಎಂದು ಎಲ್ಲರೂ ಹೇಳಿದ್ದರು, ಹಿಡಿದೆವು. ಹಾಯ್ ವಾನ್ ಕಣಿವೆದಾರಿಯ ಬೆಟ್ಟಕ್ಕೆ ರೈಲು ಅಂಟಿಕೊಂಡು ತೆವಳುವಾಗ ಕೆಳಗೆ ಬಂಡೆ, ಕಾಡು, ಸಮುದ್ರ. ಡಾ ನಾಂಗ್‌ನಿಂದ ಹೋಯಿ ಆನ್ 30 ಕಿಲೋಮೀಟರ್, ಅಲ್ಲಿಗೆ ರೈಲಿಲ್ಲ. ಬಸ್ಸಿಗೆ ಕೈ ಒಡ್ಡಿದ್ದು ಅತ್ತಿಗೆ. ನಿಲ್ಲಿಸಿದ್ದೂ ಅವರಿಗೇ.

23ರ ಸಂಜೆ ಹೋಯಿ ಆನ್‌ನ ಹಳೇ ಪೇಟೆಯಲ್ಲಿ ವಿದ್ಯುದ್ದೀಪಗಳು ಆರಿದವು. ಪ್ರತಿ ಚಾಂದ್ರಮಾನ ತಿಂಗಳ ಹದಿನಾಲ್ಕನೇ ರಾತ್ರಿ ಅಲ್ಲಿ ಹಾಗೆ. ಬೀದಿಗೆ ಉಳಿಯುವುದು ಚಂದ್ರ ಮತ್ತು ಬಣ್ಣದ ಬಟ್ಟೆಯ ಗೂಡುದೀಪಗಳು. ಹೊಳೆಯಲ್ಲಿ ಕಾಗದದ ದೊನ್ನೆಗಳಲ್ಲಿ ದೀಪ ತೇಲುತ್ತಿದ್ದವು. ಅತ್ತಿಗೆ ಎರಡು ಕೊಂಡರು, ಈ ಸಲ ಸರಿಯಾದ ನೀಲಿ ನೋಟು ಕೊಟ್ಟು. ಒಂದನ್ನು ಬಿಟ್ಟರು, ಇನ್ನೊಂದನ್ನು ನನ್ನ ಕೈಗೆ ಕೊಟ್ಟರು. ಮರುದಿನ ಹುಣ್ಣಿಮೆ. ಹೊಸ ವರ್ಷದ ಮೊದಲ ಹುಣ್ಣಿಮೆಯೆಂದು ವಿಯೆಟ್ನಾಮಿನವರಿಗೆ ದೊಡ್ಡ ಹಬ್ಬ. 'ಚಾಯ್' ಅಡುಗೆಯ ಮುಂದೆ ಸಾಲು. ಪಂಚಾಂಗ ಸುಳ್ಳಾಗಲಿಲ್ಲ. ಅತ್ತಿಗೆ ಮೂರು ಸಲ ಬಡಿಸಿಕೊಂಡರು.

25ಕ್ಕೆ ಮೀ ಸನ್. ಹೋಯಿ ಆನ್‌ನಿಂದ ಸುಮಾರು 40 ಕಿಲೋಮೀಟರ್, ಸುತ್ತ ಬೆಟ್ಟ, ನಡುವೆ ಕೆಂಪು ಇಟ್ಟಿಗೆಯ ಶಿವಾಲಯಗಳು. ನಾಲ್ಕನೇ ಶತಮಾನದ ಕೊನೆಗೆ ಚಂಪಾ ರಾಜ್ಯದ ಅರಸ ಭದ್ರವರ್ಮ ಇಲ್ಲಿ ಭದ್ರೇಶ್ವರನನ್ನು ಪ್ರತಿಷ್ಠಾಪಿಸಿದ. "ನಮ್ಮ ಬನವಾಸಿಯಲ್ಲಿ ಕದಂಬರಿದ್ದ ಕಾಲ ಅದು" ಎಂದರು ಅತ್ತಿಗೆ ತಕ್ಷಣ. 1969ರ ಅಮೆರಿಕದ ಬಾಂಬು ದಾಳಿಯಲ್ಲಿ ಇಲ್ಲಿನ ಅತಿ ಎತ್ತರದ ಗೋಪುರ ಉರುಳಿತು. ಗುಂಡಿಗಳು ಇನ್ನೂ ಇವೆ. 2017ರಿಂದ ಐದಾರು ವರ್ಷ ನಮ್ಮ ಪುರಾತತ್ತ್ವ ಇಲಾಖೆಯವರು ಇಲ್ಲಿ ಜೀರ್ಣೋದ್ಧಾರ ಮಾಡಿದರು. 2020ರಲ್ಲಿ ಮಣ್ಣಿನಿಂದ ಒಂಬತ್ತನೇ ಶತಮಾನದ ಮರಳುಗಲ್ಲಿನ ಲಿಂಗವೊಂದು ಹೊರಬಂತು.

ಇಕ್ಕೇರಿಯ ಅಘೋರೇಶ್ವರನ ಅಂಗಳದಲ್ಲಿ ಬೆಳೆದವರಿಗೆ ಅಲ್ಲಿ ಮಾರ್ಗದರ್ಶಿ ಬೇಕಾಗಲಿಲ್ಲ. "ಇದು ಪಾಣಿಪೀಠ, ಅಭಿಷೇಕದ ನೀರು ಈ ಕಡೆಯಿಂದ ಹೋಗ್ತದೆ" ಎಂದು ಅವರೇ ನನಗೆ ತೋರಿಸಿದರು. ಶಾಸನದ ಕಲ್ಲೊಂದರ ಮುಂದೆ ಮಾತ್ರ ಬಹಳ ಹೊತ್ತು ನಿಂತರು. ಚಂಪಾದ ಲಿಪಿಯೂ ನಮ್ಮ ಕನ್ನಡದ ಲಿಪಿಯೂ ದಕ್ಷಿಣದ ಬ್ರಾಹ್ಮಿಯಿಂದ ಹುಟ್ಟಿದ ದಾಯಾದಿಗಳು. ಅತ್ತಿಗೆಯ ತೋರುಬೆರಳು ಕಲ್ಲಿಗೆ ತಾಗದಷ್ಟು ದೂರದಲ್ಲಿ, ಗಾಳಿಯಲ್ಲಿ, ಒಂದೊಂದೇ ಅಕ್ಷರವನ್ನು ತಿದ್ದತೊಡಗಿತು. ಮರಳಿನ ಮೇಲೆ ಮಕ್ಕಳ ಕೈ ಹಿಡಿದು ತಿದ್ದಿಸಿದ ಬೆರಳು. ಒಂದು ಕಡೆ ನಿಂತಿತು. "ಇದು 'ನ' ಇರಬಹುದನೇ?" ನನಗೆ ಗೊತ್ತಿರಲಿಲ್ಲ. ಪಕ್ಕದಲ್ಲಿದ್ದ ಕಾವಲುಗಾರನಿಗೂ ಗೊತ್ತಿರಲಿಲ್ಲ. ಮೂವರೂ ಕತ್ತು ಓರೆ ಮಾಡಿ ಆ ಅಕ್ಷರ ನೋಡುತ್ತಾ ನಿಂತೆವು.

ಊರಿಗೆ ಬಂದಮೇಲೆ ಫೋಟೋ ನೋಡುವಾಗ ಒಂದು ಸಂಗತಿ ಕಣ್ಣಿಗೆ ಬಿತ್ತು. 25 ಬೆಸ ತಾರೀಖು, ನನ್ನ ದಿನ. ಬೆಳಗಿನ ಚಿತ್ರದಲ್ಲಿ ಕೆಂಪು ಚೀಲ ಅತ್ತಿಗೆಯ ಕೊರಳಲ್ಲಿದೆ. ಮಧ್ಯಾಹ್ನದ್ದರಲ್ಲಿ ನನ್ನ ಕೊರಳಲ್ಲಿ. ಸಂಜೆ ಮತ್ತೆ ಅವರದರಲ್ಲಿ. ಯಾವಾಗ ಕೊಟ್ಟೆವು, ಯಾವಾಗ ತೆಗೆದುಕೊಂಡೆವು, ಇಬ್ಬರಿಗೂ ನೆನಪಿಲ್ಲ.

ಮೊನ್ನೆ ಫೋನ್ ಮಾಡಿದ್ದರು. ಮಳೆ ಹಿಡಿದಿದೆ, ಬಟ್ಟೆ ಒಣಗುತ್ತಿಲ್ಲ, ಅಡಿಕೆಗೆ ಔಷಧಿ ಹೊಡೆಯಲು ಜನವಿಲ್ಲ ಎಂದು ಊರ ಸುದ್ದಿಯೆಲ್ಲ ಹೇಳಿದರು. ಇಡುವ ಮುಂಚೆ ದನಿ ತಗ್ಗಿಸಿದರು.

"ಮುಂದಿನ ಸಲಕ್ಕೆ ಹಗ್ಗ ಇನ್ನೆರಡು ಮಾರು ಉದ್ದ ತಗೊಳ್ಳೋಣ ಮಾರಾಯ್ತಿ. ಆ ಮಕ್ಕಳದ್ದೂ ಒಣಗಬೇಕಲ್ಲ."